ಗಾಡಿ ಕಾಗದದ ಇಂಗ್ಲಿಷ್: ಸಹಿ ಹಾಕೋಕೆ ಮುಂಚೆ ಅರ್ಥ ಗೊತ್ತಿರಲಿ

ಸ್ಟೆಪ್ನಿ ಅಂದ್ರೆ ಏನು ಅಂತ ಊರಿನ ಪಂಕ್ಚರ್ ಅಂಗಡಿಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಲನೆಲ್ಲಿ ಅನ್ನೋ ಊರಿದೆ. ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹೆಚ್ಚುವರಿ ಚಕ್ರ ತಯಾರಿಸಲು ಶುರು ಮಾಡಿದರು. ಆ ಬೀದಿಯ ಹೆಸರೇ ಚಕ್ರದ ಹೆಸರಾಗಿ ನಮ್ಮ ತಾಲೂಕಿನವರೆಗೂ ಬಂತು. ಕ್ಲಚ್, ಬ್ರೇಕ್, ಗೇರ್, ಡಿಕ್ಕಿ, ಇಂಡಿಕೇಟರ್ ಎಲ್ಲವೂ ಹೀಗೆ ಕೈಯಿಂದ ಕೈಗೆ ಕಲಿತ ಇಂಗ್ಲಿಷ್.

ತೊಂದರೆ ಇರೋದು ಕಾಗದದ ಇಂಗ್ಲಿಷ್‌ನಲ್ಲಿ. ಷೋರೂಂನಲ್ಲಿ, ಬ್ಯಾಂಕಿನಲ್ಲಿ, ಏಜೆಂಟರ ಟೇಬಲ್ ಮುಂದೆ "ಇಲ್ಲೊಂದು ಸಹಿ, ಇಲ್ಲೊಂದು ಸಹಿ" ಅಂದಾಗ ಬಹಳ ಜನ ಓದದೆ ಸಹಿ ಹಾಕಿ ಬರುತ್ತಾರೆ. ಆ ಪದಗಳ ಅರ್ಥ ತಿಳಿಯೋದು ಅಪಘಾತ ಆದ ಮೇಲೆ, ಇಲ್ಲವೇ ಗಾಡಿ ಮಾರಲು ಹೋದಾಗ. ಅಷ್ಟರಲ್ಲಿ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ಹಣ ಕೈಬಿಟ್ಟಿರುತ್ತದೆ. ಬೈಕ್, ಕಾರು, ಗೂಡ್ಸ್ ಆಟೋ, ಟ್ರ್ಯಾಕ್ಟರ್ ಇಟ್ಟುಕೊಂಡವರು ತಿಳಿದಿರಬೇಕಾದ ಮುಖ್ಯ ಪದಗಳು ಇಲ್ಲಿವೆ.

ಆರ್‌ಸಿ ಮೇಲಿನ ಪದಗಳು

ರಿಜಿಸ್ಟರ್ಡ್ ಓನರ್: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರು ಇದೆಯೋ ಅವರು. ಗಾಡಿ ಯಾರ ಮನೆ ಮುಂದೆ ನಿಂತಿದೆ, ಯಾರು ದುಡ್ಡು ಕೊಟ್ಟರು ಅನ್ನೋದಕ್ಕಿಂತ ಕಾನೂನಿಗೆ ಈ ಹೆಸರೇ ಮುಖ್ಯ. ಈ ಪದ ಎಷ್ಟು ದುಬಾರಿ ಆಗಬಹುದು ಅನ್ನೋದು ಮುಂದೆ ಮಾರಾಟದ ಭಾಗದಲ್ಲಿದೆ.

ಹೈಪೋಥಿಕೇಷನ್: ಜನರ ಬಾಯಲ್ಲಿ ಎಚ್‌ಪಿ. ಗಾಡಿ ನಿಮ್ಮ ಹತ್ತಿರವೇ ಇರುತ್ತದೆ, ಓಡಿಸುವವರೂ ನೀವೇ, ಆದರೆ ಸಾಲ ತೀರುವ ತನಕ ಅದರ ಮೇಲೆ ಬ್ಯಾಂಕ್ ಅಥವಾ ಫೈನಾನ್ಸ್‌ನವರ ಹಕ್ಕು ಇರುತ್ತದೆ. ಆರ್‌ಸಿಯಲ್ಲಿ ಅವರ ಹೆಸರೂ ನಮೂದಾಗುತ್ತದೆ. ಕೊನೆಯ ಕಂತು ಕಟ್ಟಿದ ಕೂಡಲೇ ಆ ಹೆಸರು ತಾನಾಗಿ ಹೋಗಿಬಿಡುತ್ತೆ ಅಂತ ತಿಳಿದವರು ಬಹಳ. ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ಪಡೆದು ಆರ್‌ಟಿಒಗೆ ಅರ್ಜಿ ಹಾಕಿ ಎಚ್‌ಪಿ ತೆಗೆಸಿಕೊಳ್ಳಬೇಕು. ಇದನ್ನೇ ಹೈಪೋಥಿಕೇಷನ್ ಟರ್ಮಿನೇಷನ್ ಅನ್ನುತ್ತಾರೆ. ತೆಗೆಸದೆ ಬಿಟ್ಟರೆ ಐದಾರು ವರ್ಷ ಬಿಟ್ಟು ಮಾರುವಾಗ ಮತ್ತೆ ಬ್ಯಾಂಕಿಗೆ ಅಲೆಯಬೇಕು. ಅಷ್ಟರಲ್ಲಿ ಆ ಫೈನಾನ್ಸ್ ಕಂಪನಿ ಮುಚ್ಚಿದ್ದರೆ ಪಾಡು ಇನ್ನೂ ಕಷ್ಟ.

ಅನ್‌ಲೇಡನ್ ವೇಯ್ಟ್, ಗ್ರಾಸ್ ವೆಹಿಕಲ್ ವೇಯ್ಟ್: ಮೊದಲನೆಯದು ಖಾಲಿ ಗಾಡಿಯ ತೂಕ. ಎರಡನೆಯದು ಲೋಡ್ ಸೇರಿಸಿ ಗಾಡಿ ಹೊರಬಹುದಾದ ಒಟ್ಟು ತೂಕ. ಎರಡರ ನಡುವಿನ ವ್ಯತ್ಯಾಸವೇ ನೀವು ಹಾಕಬಹುದಾದ ಮಾಲು. ಇದನ್ನು ಮೀರಿದರೆ ಓವರ್‌ಲೋಡ್. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂಪಾಯಿ. ಸಿಮೆಂಟ್, ಕಬ್ಬಿಣ, ಗೊಬ್ಬರ ತರಿಸುವ ಅಂಗಡಿಯವರು ಈ ಎರಡು ಸಂಖ್ಯೆ ನೋಡಿಕೊಂಡೇ ಲೋಡ್ ಹೇಳೋದು ಒಳ್ಳೆಯದು.

ಟ್ರಾನ್ಸ್‌ಪೋರ್ಟ್, ನಾನ್-ಟ್ರಾನ್ಸ್‌ಪೋರ್ಟ್: ಬಾಡಿಗೆಗೆ ಓಡುವ, ಮಾಲು ಸಾಗಿಸುವ ಗಾಡಿ ಟ್ರಾನ್ಸ್‌ಪೋರ್ಟ್, ಅಂದರೆ ಯೆಲ್ಲೋ ಬೋರ್ಡ್. ಸ್ವಂತ ಬಳಕೆಯದು ನಾನ್-ಟ್ರಾನ್ಸ್‌ಪೋರ್ಟ್, ಅಂದರೆ ವೈಟ್ ಬೋರ್ಡ್. ಎಲೆಕ್ಟ್ರಿಕ್ ಗಾಡಿಗೆ ಬೋರ್ಡು ಹಸಿರು: ಸ್ವಂತದ್ದಕ್ಕೆ ಬಿಳಿ ಅಕ್ಷರ, ಬಾಡಿಗೆಯದಕ್ಕೆ ಹಳದಿ ಅಕ್ಷರ.

ಫಿಟ್‌ನೆಸ್: ಗಾಡಿ ರಸ್ತೆಗೆ ಯೋಗ್ಯ ಅನ್ನೋ ಸರ್ಟಿಫಿಕೇಟು, ಜನ ಹೇಳುವ ಎಫ್‌ಸಿ. ಸ್ವಂತ ಕಾರು, ಬೈಕಿಗೆ ನೋಂದಣಿ 15 ವರ್ಷ ನಡೆಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಟ್ರಾನ್ಸ್‌ಪೋರ್ಟ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಎಮಿಷನ್ ಟೆಸ್ಟ್ ಬೇರೆ, ಎಫ್‌ಸಿ ಬೇರೆ. ಎಮಿಷನ್ ಹೊಗೆಯ ಪರೀಕ್ಷೆ ಮಾತ್ರ.

ಲೈಸೆನ್ಸ್ ಮೇಲಿನ ಪದಗಳು

ಎಲ್‌ಎಲ್‌ಆರ್: ಕಲಿಯುವವರ ಲೈಸೆನ್ಸು. ಅವಧಿ ಆರು ತಿಂಗಳು. ಸಿಕ್ಕಿ 30 ದಿನ ಆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಇದೊಂದೇ ಇಟ್ಟುಕೊಂಡು ಒಬ್ಬರೇ ಕಾರು ಓಡಿಸುವ ಹಾಗಿಲ್ಲ. ಪಕ್ಕದಲ್ಲಿ ಡಿಎಲ್ ಇದ್ದವರು ಕೂತಿರಬೇಕು, ಗಾಡಿಗೆ ಹಿಂದೆ ಮುಂದೆ ಎಲ್ ಬೋರ್ಡು ಇರಬೇಕು.

ಎಲ್‌ಎಂವಿ: ಲೈಟ್ ಮೋಟಾರ್ ವೆಹಿಕಲ್, ಅಂದರೆ ಹಗುರ ವಾಹನ. ಮಿತಿ 7,500 ಕೆ.ಜಿ. ಕಾರಿನ ಎಲ್‌ಎಂವಿ ಲೈಸೆನ್ಸ್ ಇಟ್ಟುಕೊಂಡು ಯೆಲ್ಲೋ ಬೋರ್ಡ್ ಗೂಡ್ಸ್ ಗಾಡಿ ಓಡಿಸಬಹುದಾ ಅನ್ನೋದು ವರ್ಷಗಟ್ಟಲೆ ಕೋರ್ಟಿನಲ್ಲಿದ್ದ ಪ್ರಶ್ನೆ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಇದಕ್ಕೆ ಉತ್ತರ ಕೊಟ್ಟಿದೆ. ಗ್ರಾಸ್ ವೆಹಿಕಲ್ ವೇಯ್ಟ್ 7,500 ಕೆ.ಜಿ.ಗಿಂತ ಕಡಿಮೆ ಇದ್ದರೆ ಎಲ್‌ಎಂವಿ ಲೈಸೆನ್ಸ್ ಸಾಕು, ಟ್ರಾನ್ಸ್‌ಪೋರ್ಟ್ ಅಂತ ಪ್ರತ್ಯೇಕ ಅನುಮತಿ ಬೇಕಿಲ್ಲ. ಅದಕ್ಕಿಂತ ದೊಡ್ಡ ಗಾಡಿಗೆ ಬೇಕೇ ಬೇಕು.

ಎಂಡಾರ್ಸ್‌ಮೆಂಟ್: ಇರುವ ಲೈಸೆನ್ಸ್ ಅಥವಾ ಪಾಲಿಸಿಗೆ ಹೊಸದಾಗಿ ಸೇರಿಸಿದ ನಮೂದು. ಬೈಕ್ ಲೈಸೆನ್ಸಿಗೆ ಕಾರು ಸೇರಿಸಿದರೂ ಎಂಡಾರ್ಸ್‌ಮೆಂಟೇ, ಪಾಲಿಸಿಯಲ್ಲಿ ಹೆಸರು, ವಿಳಾಸ ತಿದ್ದಿಸಿದರೂ ಎಂಡಾರ್ಸ್‌ಮೆಂಟೇ.

ಎಕ್ಸ್‌ಪೈರಿ: ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮತ್ತೆ ಗಾಡಿ ಓಡಿಸಿ ತೋರಿಸಬೇಕಿಲ್ಲ. ವರ್ಷ ದಾಟಿದರೆ ಮತ್ತೆ ಪರೀಕ್ಷೆ. ಮೊದಲು ಅವಧಿ ಮುಗಿದ ಮೇಲೂ 30 ದಿನ ರಿಯಾಯಿತಿ ಇತ್ತು, 2019ರ ತಿದ್ದುಪಡಿಯಲ್ಲಿ ಅದು ಹೋಯಿತು. ಅವಧಿ ಮುಗಿದ ಮಾರನೇ ದಿನ ಓಡಿಸಿದರೂ ಲೈಸೆನ್ಸ್ ಇಲ್ಲದ ಲೆಕ್ಕವೇ.

ಜುವೆನೈಲ್: 18 ತುಂಬದ ಮಕ್ಕಳು. ಇವರು ಗಾಡಿ ಓಡಿಸಿ ತಪ್ಪು ಮಾಡಿದರೆ ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಗಾಡಿ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗಲ್ಲ. "ಅಂಗಡಿಯಿಂದ ಒಂದು ಪ್ಯಾಕೆಟ್ ಹಾಲು ತಗೊಂಡು ಬಾ" ಅಂತ ಮಗನ ಕೈಗೆ ಬೈಕಿನ ಕೀ ಕೊಡುವ ಮುಂಚೆ ಇದು ನೆನಪಿರಲಿ.

ಇನ್ಶೂರೆನ್ಸ್: ಹೆಚ್ಚು ಹಣ ಹೋಗುವ ಜಾಗ

ಥರ್ಡ್ ಪಾರ್ಟಿ: ಮೊದಲ ಪಾರ್ಟಿ ನೀವು, ಎರಡನೆಯದು ವಿಮಾ ಕಂಪನಿ, ಮೂರನೆಯವರು ನಿಮ್ಮ ಗಾಡಿಯಿಂದ ಪೆಟ್ಟಾದ ಹೊರಗಿನವರು. ಈ ವಿಮೆ ಕಾನೂನು ಪ್ರಕಾರ ಕಡ್ಡಾಯ. ಇದರಲ್ಲಿ ಹಣ ಸಿಗೋದು ಅವರಿಗೆ, ನಿಮಗಲ್ಲ. ನಿಮ್ಮ ಗಾಡಿ ಜಖಂ ಆದರೆ, ಕಳವಾದರೆ ಒಂದು ರೂಪಾಯಿಯೂ ಬರಲ್ಲ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಕಾಯ್ದೆಯಲ್ಲಿ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು ಕೂಡ ಆಗಬಹುದು.

ಓನ್ ಡ್ಯಾಮೇಜ್: ನಿಮ್ಮದೇ ಗಾಡಿಯ ನಷ್ಟಕ್ಕೆ ಇರುವ ಭಾಗ. ಇದೂ ಥರ್ಡ್ ಪಾರ್ಟಿಯೂ ಸೇರಿದರೆ ಅದು ಕಾಂಪ್ರಹೆನ್ಸಿವ್ ಅಥವಾ ಪ್ಯಾಕೇಜ್ ಪಾಲಿಸಿ, ಜನ ಹೇಳುವ ಫುಲ್ ಇನ್ಶೂರೆನ್ಸ್.

ಬಂಡಲ್ಡ್ ಪಾಲಿಸಿ: ಹೊಸ ಗಾಡಿ ತಗೊಂಡವರು ಎಡವುವುದು ಇಲ್ಲೇ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಆದರೆ ಅದರ ಜೊತೆ ಕೊಡುವ ಓನ್ ಡ್ಯಾಮೇಜ್ ಬಹಳಷ್ಟು ಪಾಲಿಸಿಗಳಲ್ಲಿ ಒಂದೇ ವರ್ಷದ್ದು. "ಐದು ವರ್ಷ ಇನ್ಶೂರೆನ್ಸ್ ಇದೆ" ಅಂತ ನೆಮ್ಮದಿಯಾಗಿರುವ ಬೈಕ್ ಮಾಲೀಕರ ಗಾಡಿ ಎರಡನೇ ವರ್ಷ ಕಳವಾದರೆ ಕೈಗೆ ಏನೂ ಸಿಗದೇ ಇರಬಹುದು. ಪಾಲಿಸಿಯಲ್ಲಿ ಎರಡು ದಿನಾಂಕ ಇರುತ್ತವೆ. ಎರಡನ್ನೂ ಬೇರೆ ಬೇರೆ ನೋಡಬೇಕು.

ಐಡಿವಿ: ಗಾಡಿ ಪೂರ್ತಿ ಹೋದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ಗಾಡಿಯ ಇವತ್ತಿನ ಷೋರೂಂ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಕಡಿತ ಮಾಡುತ್ತಾರೆ: ಒಂದರಿಂದ ಎರಡು ವರ್ಷದ ಗಾಡಿಗೆ 20 ಶೇಕಡಾ, ಎರಡರಿಂದ ಮೂರಕ್ಕೆ 30, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ಲಕ್ಷ ರೂಪಾಯಿ ಬೆಲೆಯ ಬೈಕಿಗೆ ಮೂರೂವರೆ ವರ್ಷ ಆಗಿದ್ದರೆ ಐಡಿವಿ 60,000. ಪ್ರೀಮಿಯಂ ಕಡಿಮೆ ಮಾಡಿಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಐಡಿವಿ ಇಳಿಸಿದ್ದಾರಾ ಅಂತ ಮೊದಲು ನೋಡಿ.

ಡಿಪ್ರಿಸಿಯೇಷನ್, ಝೀರೋ ಡೆಪ್: ರಿಪೇರಿಗೆ ಹಾಕಿದ ಹೊಸ ಪಾರ್ಟಿಗೆ ಕಂಪನಿ ಪೂರ್ತಿ ಹಣ ಕೊಡಲ್ಲ, ಸವೆತದ ಲೆಕ್ಕ ಕಳೆಯುತ್ತದೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ 50 ಶೇಕಡಾ ಕಡಿತ. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಗಳಿಗೆ ವಯಸ್ಸಿನ ಪ್ರಕಾರ. ಉದಾಹರಣೆಗೆ ಮೂರೂವರೆ ವರ್ಷದ ಸಣ್ಣ ಕಾರಿಗೆ 8,000 ರೂಪಾಯಿಯ ಪ್ಲಾಸ್ಟಿಕ್ ಬಂಪರ್, 10,000 ರೂಪಾಯಿಯ ಡೋರ್ ಹಾಕಿಸಬೇಕಾಯ್ತು ಅನ್ನಿ. ಬಂಪರಿಗೆ 4,000, ಡೋರಿಗೆ 25 ಶೇಕಡಾ ಕಳೆದು 7,500, ಒಟ್ಟು 11,500 ಲೆಕ್ಕಕ್ಕೆ ಬರುತ್ತದೆ. ಝೀರೋ ಡೆಪ್ ಅನ್ನೋ ಆಡ್-ಆನ್‌ಗೆ ಹೆಚ್ಚು ಹಣ ಕಟ್ಟಿದ್ದರೆ ಈ ಸವೆತದ ಕಡಿತ ಇರಲ್ಲ.

ಡಿಡಕ್ಟಿಬಲ್: ಪ್ರತಿ ಕ್ಲೇಮಿನಲ್ಲೂ ಮಾಲೀಕರು ಕೈಯಿಂದ ಹಾಕಲೇಬೇಕಾದ ಮೊತ್ತ. 1,500 ಸಿಸಿವರೆಗಿನ ಸ್ವಂತ ಕಾರಿಗೆ ಇದು 1,000 ರೂಪಾಯಿ. ಮೇಲಿನ ಲೆಕ್ಕದಲ್ಲಿ ಇದನ್ನೂ ಕಳೆದರೆ 18,000 ರೂಪಾಯಿಯ ಪಾರ್ಟಿಗೆ ಸಿಗೋದು 10,500. ಉಳಿದ 7,500 ಮಾಲೀಕರದ್ದೇ. ವಾಲಂಟರಿ ಡಿಡಕ್ಟಿಬಲ್ ಅಂತ ಇನ್ನೊಂದಿದೆ. ಪ್ರೀಮಿಯಂ ಇಳಿಸಲು ನೀವೇ ಒಪ್ಪಿಕೊಂಡ ಹೆಚ್ಚುವರಿ ಮೊತ್ತ ಅದು. ಕೇಳದೆ ಅದನ್ನು ಸೇರಿಸಿದ್ದಾರಾ ನೋಡಿಕೊಳ್ಳಿ.

ನೋ ಕ್ಲೇಮ್ ಬೋನಸ್: ವರ್ಷವಿಡೀ ಕ್ಲೇಮ್ ಮಾಡದಿದ್ದರೆ ಮುಂದಿನ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ಕಡಿತ. ಮೊದಲು 20 ಶೇಕಡಾ, ಆಮೇಲೆ ಪ್ರತಿ ವರ್ಷ 25, 35, 45, ಕೊನೆಗೆ 50. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಓನ್ ಡ್ಯಾಮೇಜ್ ಪ್ರೀಮಿಯಂ 6,000 ಇದ್ದು, ಮುಂದಿನ ವರ್ಷ 45 ಶೇಕಡಾ ಬೋನಸ್ ಬರಬೇಕಿತ್ತು ಅನ್ನಿ. 1,500 ರೂಪಾಯಿಯ ಗೀರಿಗೆ ಕ್ಲೇಮ್ ಮಾಡಿದರೆ 2,700 ರೂಪಾಯಿ ಬೋನಸ್ ಹೋಯ್ತು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಬೋನಸ್ ಹೋಗುತ್ತದೆ. ಇದು ಗಾಡಿಯದಲ್ಲ, ಮಾಲೀಕರದ್ದು. ಹಳೆ ಕಾರು ಮಾರಿ ಹೊಸ ಕಾರು ತಗೊಂಡರೆ ಬೋನಸ್ ಹೊಸದಕ್ಕೆ ತರಬಹುದು.

ಓನರ್-ಡ್ರೈವರ್ ಪಿಎ: ಮಾಲೀಕರೇ ಗಾಡಿ ಓಡಿಸುವಾಗ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಸಿಗುವ ವಿಮೆ, 15 ಲಕ್ಷ ರೂಪಾಯಿ. ಮಾಲೀಕರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಅಪ್ಪನ ಹೆಸರಿನ ಬೈಕನ್ನು ಮಗ ಓಡಿಸುವಾಗ ಹೆಚ್ಚುಕಮ್ಮಿ ಆದರೆ ಈ 15 ಲಕ್ಷ ಬರಲ್ಲ, ಯಾಕೆಂದರೆ ಮಗ ಓನರ್ ಅಲ್ಲ. ದಿನಾ ಓಡಿಸುವವರ ಹೆಸರಲ್ಲೇ ಗಾಡಿ ಇದ್ದರೆ ಒಳ್ಳೆಯದು ಅನ್ನೋದಕ್ಕೆ ಇದೊಂದು ದೊಡ್ಡ ಕಾರಣ.

ಕಾನ್ಸಿಕ್ವೆನ್ಷಿಯಲ್ ಲಾಸ್: ಮೊದಲ ನಷ್ಟದ ನಂತರ ಆದ ಬೇರೆ ನಷ್ಟ. ಮಳೆಗಾಲದಲ್ಲಿ ನೀರು ತುಂಬಿ ನಿಂತ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಇಂಜಿನ್ ಒಳಗೆ ನೀರೆಳೆದು ಕೆಟ್ಟರೆ, ಸಾಮಾನ್ಯ ಪಾಲಿಸಿಯಲ್ಲಿ ಕಂಪನಿ ಈ ಪದ ತೋರಿಸಿ ಇಂಜಿನ್ ಖರ್ಚು ನಿರಾಕರಿಸಬಹುದು. ಇಂಜಿನ್ ಪ್ರೊಟೆಕ್ಟ್ ಆಡ್-ಆನ್ ಇರೋದು ಇದಕ್ಕೇ. ಅದಿರಲಿ ಬಿಡಲಿ, ನೀರಿನಲ್ಲಿ ನಿಂತ ಗಾಡಿಯ ಕೀ ತಿರುಗಿಸದೆ ಎಳೆಸಿಕೊಂಡು ಹೋಗೋದೇ ಸರಿ.

ಬಾಡಿಗೆ, ಪ್ರಯಾಣ, ಪರ್ಮಿಟ್

ಕಾಂಟ್ರ್ಯಾಕ್ಟ್ ಕ್ಯಾರೇಜ್, ಸ್ಟೇಜ್ ಕ್ಯಾರೇಜ್: ಇಡೀ ಗಾಡಿಯನ್ನು ಒಂದು ಮೊತ್ತಕ್ಕೆ ಮಾತಾಡಿಕೊಂಡು ಹೋಗೋದು ಕಾಂಟ್ರ್ಯಾಕ್ಟ್. ಧರ್ಮಸ್ಥಳಕ್ಕೋ ಮದುವೆಗೋ ಟಿಟಿ ಮಾಡಿಕೊಂಡು ಹೋಗುವುದು ಈ ಲೆಕ್ಕ. ಪ್ರತಿಯೊಬ್ಬರೂ ಬೇರೆ ಬೇರೆ ಟಿಕೆಟ್ ಕೊಟ್ಟು, ದಾರಿಯಲ್ಲಿ ಹತ್ತಿ ಇಳಿಯುವುದು ಸ್ಟೇಜ್. ಊರ ಬಸ್ಸು ಈ ಜಾತಿ. ಕಾಂಟ್ರ್ಯಾಕ್ಟ್ ಪರ್ಮಿಟ್ ಇರುವ ಗಾಡಿ ಬಸ್ಸಿನ ಹಾಗೆ ಸ್ಟಾಪಿನಲ್ಲಿ ಜನ ತುಂಬಿಸಿಕೊಂಡರೆ ಪರ್ಮಿಟ್ ಉಲ್ಲಂಘನೆ.

ಮೋಟಾರ್ ಕ್ಯಾಬ್, ಮ್ಯಾಕ್ಸಿಕ್ಯಾಬ್: ಡ್ರೈವರ್ ಬಿಟ್ಟು ಆರು ಜನರವರೆಗೆ ಮೋಟಾರ್ ಕ್ಯಾಬ್. ಆರಕ್ಕಿಂತ ಹೆಚ್ಚು, ಹನ್ನೆರಡರವರೆಗೆ ಮ್ಯಾಕ್ಸಿಕ್ಯಾಬ್.

ಹೈರ್ ಆರ್ ರಿವಾರ್ಡ್: ಬಾಡಿಗೆಗಾಗಿ ಅಥವಾ ಪ್ರತಿಫಲಕ್ಕಾಗಿ. ಸ್ವಂತ ಕಾರಿನ ಪಾಲಿಸಿಯಲ್ಲಿ ಇದಕ್ಕೆ ಬಳಸಬಾರದು ಅಂತ ಬರೆದಿರುತ್ತದೆ. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಬಿಟ್ಟು ಅಪಘಾತ ಆದರೆ ಗಾಡಿಯ ನಷ್ಟದ ಕ್ಲೇಮ್ ನಿಲ್ಲೋದು ಕಷ್ಟ.

ಗ್ರಾಚ್ಯುಯಿಟಸ್ ಪ್ಯಾಸೆಂಜರ್: ದುಡ್ಡು ಕೊಡದೆ ಸುಮ್ಮನೆ ಹತ್ತಿಸಿಕೊಂಡವರು. ಗೂಡ್ಸ್ ಗಾಡಿಯ ವಿಷಯದಲ್ಲಿ ಇದು ಜೀವನ್ಮರಣದ ಪದ. ಕಡ್ಡಾಯ ವಿಮೆಯಲ್ಲಿ ಗೂಡ್ಸ್ ಗಾಡಿಯಲ್ಲಿ ಬರುವ ಮಾಲಿನ ಮಾಲೀಕರಿಗೆ ಅಥವಾ ಅವರ ಪ್ರತಿನಿಧಿಗೆ ರಕ್ಷಣೆ ಇದೆ. ಸುಮ್ಮನೆ ಹತ್ತಿದವರಿಗೆ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಜಾತ್ರೆಗೆ, ದಿಬ್ಬಣಕ್ಕೆ, ಕೂಲಿಗೆ ಅಂತ ಗೂಡ್ಸ್ ಆಟೋ ಹಿಂದೆ ಹತ್ತಿಪ್ಪತ್ತು ಜನ ಕೂರಿಸಿಕೊಂಡು ಹೋಗಿ ಪಲ್ಟಿಯಾದರೆ ಪರಿಹಾರದ ಭಾರ ಗಾಡಿ ಮಾಲೀಕರ ಮನೆ, ಜಮೀನಿನ ಮೇಲೆ ಬೀಳಬಹುದು. ಸತ್ತವರ ಮನೆಗೂ ಹಣ ಸಿಗೋದು ಕಷ್ಟ. ಟ್ರ್ಯಾಕ್ಟರ್ ಟ್ರೈಲರಿಗೂ ಇದೇ ಎಚ್ಚರ ಬೇಕು.

ಗಾಡಿ ಮಾರುವಾಗ

ಟ್ರಾನ್ಸ್‌ಫರರ್, ಟ್ರಾನ್ಸ್‌ಫರೀ: ಮೊದಲನೆಯವರು ಮಾರುವವರು, ಎರಡನೆಯವರು ಕೊಳ್ಳುವವರು. ಫಾರಂ 29 ಮಾರಿದ ತಿಳಿವಳಿಕೆ, ಫಾರಂ 30 ಹೆಸರು ಬದಲಾವಣೆಯ ಅರ್ಜಿ. ರಾಜ್ಯದೊಳಗಿನ ಮಾರಾಟಕ್ಕೆ ಮಾರುವವರು 14 ದಿನದೊಳಗೆ, ಕೊಳ್ಳುವವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

"ಬಾಂಡ್ ಪೇಪರ್ ಮೇಲೆ ಬರೆಸಿಕೊಂಡಿದೀನಿ, ಇನ್ನು ನನಗೂ ಗಾಡಿಗೂ ಸಂಬಂಧ ಇಲ್ಲ" ಅನ್ನೋದು ತಪ್ಪು ತಿಳಿವಳಿಕೆ. ಹೆಸರು ವರ್ಗಾವಣೆ ಆಗದೆ ನಾಲ್ಕಾರು ಕೈ ಬದಲಾದ ಒಂದು ಕಾರಿನ ಅಪಘಾತ ಪ್ರಕರಣದಲ್ಲಿ, ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಹೆಸರಿದ್ದವರೇ ಮಾಲೀಕರು, ಪರಿಹಾರ ಅವರೇ ಕೊಡಬೇಕು ಅಂತ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗಾಡಿ ಎಂದೋ ಮಾರಿದ್ದರೂ ರಿಜಿಸ್ಟರ್ಡ್ ಓನರ್ ಅನ್ನೋ ಪದ ಬೆನ್ನು ಬಿಡಲಿಲ್ಲ.

ಎನ್‌ಒಸಿ: ಎರಡು ಥರ ಇದೆ. ಬ್ಯಾಂಕಿನದು ಸಾಲ ತೀರಿದ್ದಕ್ಕೆ. ಆರ್‌ಟಿಒದು ಫಾರಂ 28, ಗಾಡಿ ಬೇರೆ ರಾಜ್ಯಕ್ಕೆ ಹೋಗುವಾಗ. ಒಂದನ್ನು ತೋರಿಸಿ ಇನ್ನೊಂದರ ಕೆಲಸ ಆಗಲ್ಲ.

ಕೊಳ್ಳುವವರಿಗೂ ಒಂದು ಮಾತು: ಗಾಡಿಯ ಜೊತೆ ಥರ್ಡ್ ಪಾರ್ಟಿ ವಿಮೆ ತಾನಾಗಿ ಬರುತ್ತದೆ, ಓನ್ ಡ್ಯಾಮೇಜ್ ಬರಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಎಂಡಾರ್ಸ್ ಮಾಡಿಸಿಕೊಳ್ಳಬೇಕು.

ಅಪಘಾತ ಆದಾಗ

ಗೋಲ್ಡನ್ ಅವರ್: ಗಂಭೀರ ಪೆಟ್ಟಾದ ಮೊದಲ ಒಂದು ಗಂಟೆ. ಜೀವ ಉಳಿಯೋ ಸಾಧ್ಯತೆ ಹೆಚ್ಚಿರುವ ಸಮಯ. ಆಂಬುಲೆನ್ಸಿಗೆ 108, ತುರ್ತು ಸಹಾಯಕ್ಕೆ 112.

ಗುಡ್ ಸಮರಿಟನ್: ಗಾಯಾಳುವಿಗೆ ಸಹಾಯ ಮಾಡಿದ ದಾರಿಹೋಕರು. ಕಾಯ್ದೆಯ 134ಎ ಕಲಂ ಇವರಿಗೆ ರಕ್ಷಣೆ ಕೊಡುತ್ತದೆ. ಆಸ್ಪತ್ರೆಗೆ ಸೇರಿಸಿದ್ದಕ್ಕೆ ಇವರ ಮೇಲೆ ಕೇಸ್ ಹಾಕುವ ಹಾಗಿಲ್ಲ, ಹೆಸರು ವಿಳಾಸ ಹೇಳಲೇಬೇಕು ಅಂತ ಒತ್ತಾಯಿಸುವ ಹಾಗೂ ಇಲ್ಲ. "ನಮಗ್ಯಾಕೆ ಪೊಲೀಸ್ ಉಸಾಬರಿ" ಅಂತ ಮುಂದೆ ಹೋಗಬೇಕಾದ ಅಗತ್ಯ ಈಗಿಲ್ಲ.

ಕ್ಯಾಶ್‌ಲೆಸ್ ಟ್ರೀಟ್‌ಮೆಂಟ್: ಕೈಯಿಂದ ಹಣ ಕಟ್ಟದೆ ಸಿಗುವ ಚಿಕಿತ್ಸೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ.

ಹಿಟ್ ಅಂಡ್ ರನ್: ಗುದ್ದಿ ಪರಾರಿಯಾದ, ಯಾವುದೆಂದು ಗೊತ್ತಾಗದ ಗಾಡಿಯ ಪ್ರಕರಣ. ಗಾಡಿ ಸಿಗದಿದ್ದರೂ ಪರಿಹಾರ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ. ಅರ್ಜಿ ಕೊಡಬೇಕಾದ್ದು ಕ್ಲೇಮ್ಸ್ ಎನ್‌ಕ್ವೈರಿ ಆಫೀಸರಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದ ಕಂದಾಯ ಅಧಿಕಾರಿಗೆ. ಈ ಹಣ ಇದೆ ಅನ್ನೋದೇ ಗೊತ್ತಿಲ್ಲದೆ ಅರ್ಜಿ ಹಾಕದ ಕುಟುಂಬಗಳು ಇರುತ್ತವೆ. ಗೊತ್ತಿದ್ದವರು ಹೇಳಬೇಕು.

ಪೇ ಅಂಡ್ ರಿಕವರ್: ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡುವುದು. ಓಡಿಸಿದವರಿಗೆ ಲೈಸೆನ್ಸ್ ಇಲ್ಲದಂಥ ಪ್ರಕರಣಗಳಲ್ಲಿ ಕೋರ್ಟು ಹೀಗೆ ಆದೇಶ ಮಾಡುತ್ತದೆ. ಕಂಪನಿ ಕಟ್ಟಿತಲ್ಲ ಅಂತ ಸುಮ್ಮನಿದ್ದರೆ ಕೆಲ ವರ್ಷ ಬಿಟ್ಟು ನೋಟಿಸ್ ಮನೆಗೆ ಬರುತ್ತದೆ.

ಇವತ್ತು ಮನೆಯಲ್ಲೇ ನೋಡಿಕೊಳ್ಳಬೇಕಾದ್ದು

ಇಷ್ಟೂ ಪದ ಬಾಯಿಪಾಠ ಆಗಬೇಕಿಲ್ಲ. ಅಲ್ಮೇರಾದಲ್ಲಿರುವ ಗಾಡಿ ಕಾಗದ ಒಮ್ಮೆ ಹೊರಗೆ ತೆಗೆದು ಐದು ವಿಷಯ ನೋಡಿದರೆ ಸಾಕು. ಆರ್‌ಸಿಯಲ್ಲಿ ತೀರಿದ ಸಾಲದ ಎಚ್‌ಪಿ ಇನ್ನೂ ಇದೆಯಾ? ಪಾಲಿಸಿಯಲ್ಲಿ ಓನ್ ಡ್ಯಾಮೇಜ್ ಮುಗಿಯುವ ದಿನಾಂಕ ಯಾವುದು? ಐಡಿವಿ ಎಷ್ಟು? ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರ ಲೈಸೆನ್ಸ್ ಚಾಲ್ತಿಯಲ್ಲಿದೆಯಾ? ಹಿಂದೆ ಮಾರಿದ ಗಾಡಿ ಇನ್ನೂ ನಿಮ್ಮ ಹೆಸರಲ್ಲೇ ಇದೆಯಾ? ಕೊನೆಯದನ್ನು ಎಂ-ಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ ಮೊಬೈಲ್‌ನಲ್ಲೇ ನೋಡಬಹುದು. ಅರ್ಥ ಆಗದ ಪದ ಸಿಕ್ಕರೆ ಏಜೆಂಟರನ್ನೋ ಬ್ಯಾಂಕಿನವರನ್ನೋ ಕೇಳಲು ಸಂಕೋಚ ಬೇಡ. ಸಹಿ ಹಾಕುವವರಿಗೆ ಕೇಳುವ ಹಕ್ಕು ಇದ್ದೇ ಇದೆ.